ಟೈಂಕೀಪರನ ಹತ್ತು ಸೆಂಟಿಮೀಟರ್ ಕಲ್ಲು

ಬಸ್ ಡಿಪೋದ ಟೈಂಕೀಪರನಿಗೆ ಇದ್ದದ್ದು ಒಂದೇ ಒಂದು ಜಂಭ. ರೂಪದ ಬಗ್ಗೆ ಜಂಭಪಡಲು ಕನ್ನಡಿ ಬಿಡುತ್ತಿರಲಿಲ್ಲ, ಸಂಬಳದ ಬಗ್ಗೆ ಜಂಭಪಡಲು ಹೆಂಡತಿ ಬಿಡುತ್ತಿರಲಿಲ್ಲ. ಹಾಗಾಗಿ ಇದ್ದಬದ್ದ ಜಂಭವನ್ನೆಲ್ಲ ಅವನು ಚಾರ್ಟು ಓದುವುದರ ಮೇಲೆ ಹಾಕಿಬಿಟ್ಟಿದ್ದ. "ಗೆರೆ ಎಳೆದು ಅಂಕಿ ಬರೆದಿರೋ ಕಾಗದ ಯಾವ್ದೇ ಇರ್ಲಿ, ನನ್ ಕೈಗೆ ಕೊಡಿ. ನಂಗೆ ಅರ್ಥ ಆಗ್ದೇ ಇರೋ ಚಾರ್ಟನ್ನ ಇನ್ನೂ ಯಾರೂ ಬರೆದಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ಡಿಪೋದ ಚಾರ್ಟು ಓದುವುದಕ್ಕೂ ಒಂದು ವಿದ್ಯೆ ಬೇಕಿತ್ತು ಅನ್ನಿ. ಬಸ್ಸಿನ ನಂಬರು ಒಂದು ಸಾಲಿನಲ್ಲಿ. ಅದು ಹೊರಡುವ ವೇಳೆ ಪಕ್ಕದಲ್ಲಲ್ಲ, ಅದರ ಕೆಳಗಿನ ಸಾಲಿನಲ್ಲಿ. ಯಾಕೆ ಹಾಗೆ ಎಂದು ಮಾತ್ರ ಕೇಳಬೇಡಿ. ಎಂದೋ ಯಾವನೋ ಪುಣ್ಯಾತ್ಮ ಗೆರೆ ತಪ್ಪಿ ಬರೆದ, ಮುಂದಿನವರೆಲ್ಲ ಅದನ್ನೇ ಭಕ್ತಿಯಿಂದ ನಕಲು ಮಾಡಿದರು. ನಂಬರಿನ ಅಡಿಗೆ ಸ್ಕೇಲು ಇಡುವುದು, ಸ್ಕೇಲಿನ ಕೆಳಗಿರುವ ಅಂಕಿ ಓದುವುದು. ಟೈಂಕೀಪರ ಇಪ್ಪತ್ತಾರು ವರ್ಷದಿಂದ ಹೀಗೆ ಓದಿಕೊಂಡು ಬಂದಿದ್ದ. ಒಂದು ಬಸ್ಸೂ ತಪ್ಪು ಹೊತ್ತಿಗೆ ಹೊರಟಿರಲಿಲ್ಲ.

ಹೀಗಿರುವಾಗ ಡಿಪೋದಲ್ಲಿ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ನೌಕರರೆಲ್ಲ ಸಾಲಾಗಿ ನಿಂತು, ಶರ್ಟು ಎತ್ತಿ, ಹೊಟ್ಟೆಗೆ ತಣ್ಣನೆಯ ಅಂಟು ಬಳಿಸಿಕೊಂಡು ಸ್ಕ್ಯಾನ್ ಮಾಡಿಸಿಕೊಂಡರು. ರಿಪೋರ್ಟು ಹಿಡಿದು ಪಕ್ಕದ ಕೋಣೆಯಲ್ಲಿದ್ದ ಡಾಕ್ಟರ ಹತ್ತಿರ ಹೋದರೆ ಅವರು ಬಿಡಿಸಿ ಹೇಳುತ್ತಿದ್ದರು. ಟೈಂಕೀಪರನ ಸರದಿ ಬಂದದ್ದು ನಾಲ್ಕು ಮೂವತ್ತೆಂಟಕ್ಕೆ. ನಾಲ್ಕು ನಲವತ್ತಕ್ಕೆ ಒಂದು ಬಸ್ಸು ಹೊರಡಬೇಕು, ಅದಕ್ಕೆ ಸೀಟಿ ಊದಬೇಕಾದವನು ಇವನೇ.

"ಕೂತ್ಕೊಳ್ಳಿ, ಒಂದ್ನಿಮಿಷ. ಇದರಲ್ಲಿ ಏನಿದೆ ಹೇಳ್ತೀನಿ" ಎಂದರು ಡಾಕ್ಟರು.

"ಬೇಡ ಡಾಕ್ಟ್ರೇ, ಯಾಕೆ ನಿಮಗೆ ತೊಂದ್ರೆ? ನಂಗೆ ಚಾರ್ಟು ಬರುತ್ತೆ" ಎಂದವನೇ ಕಾಗದ ಕಿತ್ತುಕೊಂಡು ಓಡಿದ.

ಬಸ್ಸು ಹೋಯಿತು. ಟೈಂಕೀಪರ ತನ್ನ ಮೇಜಿಗೆ ಬಂದು, ಕನ್ನಡಕ ಒರೆಸಿ, ರಿಪೋರ್ಟು ಹರವಿ, ಸ್ಕೇಲು ತೆಗೆದ. ಎಡಗಡೆ ಅಂಗಗಳ ಹೆಸರು, ಬಲಗಡೆ ಅಳತೆ. 'ಪಿತ್ತಕೋಶ: ಒಂದು ಕಲ್ಲು' ಎಂದಿದ್ದ ಸಾಲಿನ ಅಡಿಗೆ ಸ್ಕೇಲು ಇಟ್ಟ. ಆ ಸಾಲಿನ ತುದಿಯಲ್ಲೇ ನಾಲ್ಕು ಮಿಲಿಮೀಟರ್ ಎಂದು ಬರೆದಿತ್ತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅವನ ಕಣ್ಣು ನೇರವಾಗಿ ಸ್ಕೇಲಿನ ಕೆಳಕ್ಕೆ ಇಳಿಯಿತು. ಅಲ್ಲಿ ಬಲ ಮೂತ್ರಪಿಂಡದ ಉದ್ದ ಕೂತಿತ್ತು: ಹತ್ತು ಪಾಯಿಂಟ್ ನಾಲ್ಕು ಸೆಂಟಿಮೀಟರ್.

ಹತ್ತು ಪಾಯಿಂಟ್ ನಾಲ್ಕು ಸೆಂಟಿಮೀಟರ್ ಅಂದರೆ ಎಷ್ಟು ಎಂದು ಮೇಜಿನ ಮೇಲಿದ್ದ ಸಾಮಾನುಗಳನ್ನೆಲ್ಲ ಅಳೆದ. ಸ್ಟೇಪ್ಲರ್ ಸರಿಯಾಗಿ ಅಷ್ಟಿತ್ತು. ಅದನ್ನು ಪಕ್ಕೆಗೆ ಹಿಡಿದು ನೋಡಿಕೊಂಡ. ಇಂಥದ್ದೊಂದು ಒಳಗೆ ಕೂತಿದ್ದರೂ ತಾನು ಇಷ್ಟು ವರ್ಷ ಓಡಾಡಿಕೊಂಡು, ಸೀಟಿ ಊದಿಕೊಂಡು ಇದ್ದೆನಲ್ಲ ಎಂದು ಅವನಿಗೆ ಭಯದ ಜೊತೆಗೆ ಒಂದು ಚೂರು ಹೆಮ್ಮೆಯೂ ಆಯಿತು.

ಒಬ್ಬನೇ ನೋಡಿದ್ದು ಸಾಲದು ಎಂದು ಮ್ಯಾನೇಜರಿಗೆ ತೋರಿಸಿದ. ಮ್ಯಾನೇಜರೂ ಅದೇ ಚಾರ್ಟು ಓದಿ ಮೇಲೆ ಬಂದವರು. ಸ್ಕೇಲು ಇಟ್ಟರು, ಕೆಳಗೆ ನೋಡಿದರು, ಕುರ್ಚಿಯಿಂದ ಎದ್ದೇಬಿಟ್ಟರು. ಎಲ್ಲರಿಗಿಂತ ಹಳೆಯ ಡ್ರೈವರನ್ನು ಕರೆಸಿದರು. ಅವನೂ ಸ್ಕೇಲು ಇಟ್ಟು ಓದಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಮೂರು ಜನ ಅನುಭವಸ್ಥರು ಬೇರೆಬೇರೆಯಾಗಿ ಓದಿ ಒಂದೇ ಅಂಕಿ ಹೇಳಿದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ?

"ಬಗ್ಗಬೇಡಿ, ಓಡಬೇಡಿ, ಜೋರಾಗಿ ಸೀನಲೂಬೇಡಿ. ಒಳಗೇ ಒಡೆದ್ರೆ ಏನ್ಮಾಡ್ತೀರಿ?" ಎಂದರು ಮ್ಯಾನೇಜರು. ಅಂದು ಅವನನ್ನು ಮನೆಗೆ ಬಿಟ್ಟ ಬಸ್ಸು ದಾರಿಯ ಹಂಪುಗಳ ಮೇಲೆಲ್ಲ ಬಸುರಿಯನ್ನು ಕರೆದೊಯ್ಯುವ ಹಾಗೆ ಹತ್ತಿ ಇಳಿಯಿತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯವರ ಬಟ್ಟೆಯೆಲ್ಲ ಅವಳ ಕೈಯಲ್ಲೇ ಹೊಲಿಗೆಯಾಗಬೇಕು. ಸುದ್ದಿ ಕೇಳಿ ಅವಳು ಮೊದಲು ಗಾಬರಿಯಾದಳು, ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಗಂಡನ ಹೊಟ್ಟೆಗೆ ಹಿಡಿದಳು.

"ರೀ, ಇಷ್ಟುದ್ದದ್ದು ಒಳಗಿದ್ರೆ ಶರ್ಟಿನ ಗುಂಡಿ ಹಾಕಕ್ಕೇ ಆಗ್ತಿರ್ಲಿಲ್ಲ."

"ಅದು ಉದ್ದಕ್ಕೆ ಮಲಗಿದೆ ಕಣೇ."

"ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಯಾಕೆ? ಚಾರ್ಟಲ್ಲೇ ಇದೆಯಲ್ಲ!"

"ಎಲ್ಲಿ, ಇಲ್ಲಿ ಕೊಡಿ" ಎಂದು ಕೈ ಚಾಚಿದರೆ ಕೊಡಲಿಲ್ಲ. ಮೂರು ಜನ ಓದಿ ಖಚಿತ ಮಾಡಿದ ಕಾಗದವನ್ನು ಟೈಲರ್ ಕೈಗೆ ಕೊಡುವುದೇ? ಹೆಂಡತಿ ಸರ್ಜನ್ ಹತ್ತಿರ ಹೋಗಲು ಹೆಸರು ಬರೆಸಿದಳು. ಐದು ದಿನ ಬಿಟ್ಟು ಬನ್ನಿ ಎಂದರು.

ಆ ಐದು ದಿನದಲ್ಲಿ ಆಗಬಾರದ್ದೆಲ್ಲ ಆಯಿತು. ಎದುರುಮನೆಯ ನಿವೃತ್ತ ಮೇಷ್ಟ್ರು ದಪ್ಪ ವೈದ್ಯ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ರಿಪೋರ್ಟಿನ ಕೊನೆಯ ಸಾಲಿಗೆ ಬೆರಳಿಟ್ಟು, "ನೋಡಿ ಇಲ್ಲಿ. 'ರೋಗಲಕ್ಷಣಗಳ ಜೊತೆ ಹೊಂದಿಸಿ ನೋಡುವುದು.' ಅಂದ್ರೇನು? ಅವರಿಗೇ ದಿಕ್ಕು ತೋಚಿಲ್ಲ ಅಂತ!" ಎಂದರು. "ನಿಮಗೆ ಲಕ್ಷಣ ಏನೇನಿದೆ?"

ಟೈಂಕೀಪರನಿಗೆ ಒಂದು ಲಕ್ಷಣವೂ ಇರಲಿಲ್ಲ. ಅದು ಅವನಿಗೆ ನಾಚಿಕೆಯ ವಿಷಯವಾಯಿತು. ಇಷ್ಟು ದೊಡ್ಡ ಕಲ್ಲು ಇಟ್ಟುಕೊಂಡು ಒಂದು ನೋವೂ ಇಲ್ಲ ಅಂದರೆ ಜನ ಏನಂದಾರು? ಎಡಗಡೆ ಸ್ವಲ್ಪ ಚುಚ್ಚುತ್ತದೆ ಎಂದ. ಪಿತ್ತಕೋಶ ಬಲಗಡೆ ಇರುವುದು ಎಂದು ಮೇಷ್ಟ್ರು ಪುಸ್ತಕ ನೋಡಿ ತಿದ್ದಿದರು. ಸಂಜೆಯೊಳಗೆ ನೋವು ಬಲಗಡೆಗೆ ಬಂತು. ಮರುದಿನ ಮೇಷ್ಟ್ರು ವಾಕರಿಕೆಯ ಪುಟ ಓದಿದರು, ಇವನಿಗೆ ವಾಕರಿಕೆ ಬಂತು. ಅಷ್ಟರಲ್ಲಿ ಮೇಷ್ಟ್ರು ಪುಟ ಎರಡೆರಡು ತಿರುವಿ ಹೆರಿಗೆಯ ಅಧ್ಯಾಯಕ್ಕೆ ಹೋದದ್ದರಿಂದ ಮುಂದಿನ ಲಕ್ಷಣಗಳು ಅಲ್ಲಿಗೇ ನಿಂತವು.

ಸುದ್ದಿ ತಿಳಿದು ಮೂರನೇ ದಿನ ಬೆಳಗಿನ ಬಸ್ಸಿಗೆ ಟೈಂಕೀಪರನ ಅಕ್ಕ ಬಂದಳು.

ಈ ಅಕ್ಕನ ಬಗ್ಗೆ ಎರಡು ಮಾತು ಹೇಳಲೇಬೇಕು. ದೂರದ ಊರಿನ ವಿದ್ಯಾರ್ಥಿನಿಯರ ಹಾಸ್ಟೆಲ್ಲಿನಲ್ಲಿ ಅಡುಗೆಮನೆಯ ಯಜಮಾನಿ ಅವಳು. ಎಂಬತ್ತು ಹುಡುಗಿಯರು, ನಾಲ್ಕು ಒಲೆ, ಒಂದು ಗಂಟಲು. ತಾಯಿ ತೀರಿಹೋದಾಗ ಟೈಂಕೀಪರನಿಗೆ ಏಳು, ಅವಳಿಗೆ ಹದಿನಾರು. ಅಂದಿನಿಂದ ಇವನ ಊಟ, ಇವನ ಓದು, ಇವನ ನೆಗಡಿ, ಇವನ ಮದುವೆ ಎಲ್ಲ ಅವಳ ಕೈಯಲ್ಲೇ ಆದದ್ದು. ಹುಡುಗಿಯರಲ್ಲಿ ಯಾರಿಗೆ ಕೆಮ್ಮು ಬಂದರೂ ಕಿವಿ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದವಳು, ತಾನು ಮಾತ್ರ ಒಂದು ದಿನವೂ ತೋರಿಸಿಕೊಂಡವಳಲ್ಲ.

ಬಾಗಿಲಲ್ಲೇ ಚೀಲ ಇಳಿಸಿ ತಮ್ಮನ ಗಲ್ಲ ಹಿಡಿದು ತಿರುಗಿಸಿ ನೋಡಿದಳು. "ಅಯ್ಯೋ ನನ್ನಪ್ಪಾ, ಮುಖ ಹೆಂಗೆ ಸೊರಗಿದೆ! ಏನೇ, ಏನ್ ತಿನ್ನಿಸ್ತೀಯೇ ಇವನಿಗೆ?" ಎಂದು ತಮ್ಮನ ಹೆಂಡತಿಯ ಮೇಲೆ ಅಧಿಕಾರ ಚಲಾಯಿಸಿದಳು. ಎಣ್ಣೆ, ಬೆಣ್ಣೆ, ಕರಿದದ್ದು, ಹುರಿದದ್ದು ಎಲ್ಲಕ್ಕೂ ನಿಷೇಧ ಬಿತ್ತು. ಡಬ್ಬಿಯಲ್ಲಿದ್ದ ಕರಿದ ತಿಂಡಿಯನ್ನು ಚೆಲ್ಲಲು ಮನಸ್ಸು ಬಾರದೆ ತಾನೇ ತಿಂದು ಮುಗಿಸಿದಳು.

ಅರ್ಧ ಗಂಟೆಗೆ ಅಡುಗೆಕಟ್ಟೆ ಹಿಡಿದುಕೊಂಡು ನಿಂತಿದ್ದಳು. ಹಣೆಯಲ್ಲಿ ಬೆವರು, ಒಂದು ಕೈ ಬಲಪಕ್ಕೆಯ ಮೇಲೆ.

"ಅಕ್ಕಾ, ಏನಾಯ್ತು ನಿಮಗೆ?" ಎಂದು ಹೆಂಡತಿ ಓಡಿಬಂದಳು.

"ಏನಿಲ್ಲ, ಗ್ಯಾಸು. ನೀನು ಅವನ ಗಂಜಿ ನೋಡು, ಉಕ್ಕುತ್ತೆ."

ಮರುದಿನ ಮಧ್ಯಾಹ್ನ, ಹೊರಗೆ ಸುಡುವ ಬಿಸಿಲು, ಅಕ್ಕ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತ ಮಲಗಿದ್ದಳು. ಅದಕ್ಕೆ ಬಸ್ಸಿನ ಕಿಟಕಿಯ ಗಾಳಿ ಕಾರಣ ಎಂದಳು. ತಮ್ಮನಿಗೆ ಗಂಜಿ ಕೊಡುವ ಹೊತ್ತಾದಾಗ ಎದ್ದು ಕೂತು, ಚಮಚ ಹಿಡಿದು, ಐವತ್ತು ದಾಟಿದ ಗಂಡಸಿನ ಬಾಯಿಗೆ ಊದಿ ಊದಿ ಉಣ್ಣಿಸಿದಳು. ಅವನು ಬಾಯಿ ತೆರೆದು ತೆರೆದು ಉಂಡ. ಆ ಕೈ ಕೆಂಡದ ಹಾಗೆ ಸುಡುತ್ತಿದ್ದುದು ಅವನಿಗೆ ತಿಳಿಯಲಿಲ್ಲ. ಗಂಜಿಯೇ ಬಿಸಿ ಅಂದುಕೊಂಡ.

"ರೀ, ಅಕ್ಕಂಗೆ ಹುಷಾರಿಲ್ಲ ಕಣ್ರೀ. ಕಣ್ಣು ನೋಡಿದ್ರಾ?" ಎಂದಳು ಹೆಂಡತಿ, ಅವನನ್ನು ಪಕ್ಕಕ್ಕೆ ಕರೆದು.

"ಪಾಪ, ನನ್ ಚಿಂತೇಲೇ ಕೊರಗ್ತಿದ್ದಾಳೆ" ಎಂದು ಟೈಂಕೀಪರ ಕಣ್ಣೊರೆಸಿಕೊಂಡ. ತಾನಿಲ್ಲದಿದ್ದಾಗ ಯಾವ ಬಸ್ಸಿಗೆ ಯಾರು ಸೀಟಿ ಊದಬೇಕು ಎಂದು ಆಗ ಅವನು ಹನ್ನೆರಡು ಪುಟದ ಸೂಚನೆ ಬರೆಯುತ್ತಿದ್ದ. ಎಂಟನೇ ಪುಟದಲ್ಲಿದ್ದವನಿಗೆ ಬೇರೆ ಯಾವುದೂ ತಲೆಗೆ ಹೋಗುವಂತಿರಲಿಲ್ಲ. ಹೆಂಡತಿ ಅಕ್ಕನಿಗೇ ಹೇಳಿ ನೋಡಿದಳು. "ನಾಳೆ ಹೇಗೂ ಆಸ್ಪತ್ರೆಗೆ ಹೋಗ್ತೀವಲ್ಲ, ನೀವೂ ಒಂದ್ಸಲ ತೋರಿಸ್ಕೊಳ್ಳಿ ಅಕ್ಕಾ." ಅಕ್ಕ ಸೌಟು ಎತ್ತಿದಳು. "ಅವನು ಅಲ್ಲಿ ಸಾವು ಬದುಕು ಅಂತಿದ್ದಾನೆ, ನಂದೊಂದು ಗ್ಯಾಸು ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗ್ಲಾ? ನಾಚ್ಕೆ ಬೇಡ್ವಾ?"

ಐದನೇ ದಿನ ಮೆರವಣಿಗೆ ಹೊರಟಿತು. ಡಿಪೋದವರು ಆ ಹಳೆಯ ಡ್ರೈವರನ ಕೈಯಲ್ಲಿ ಬಸ್ಸನ್ನೇ ಬೀದಿಗೆ ತರಿಸಿ ನಿಲ್ಲಿಸಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ಕಂಡದ್ದೇ ಟೈಂಕೀಪರ ಅದರಲ್ಲಿ ಕೂತುಬಿಟ್ಟ. ತಳ್ಳುತ್ತಿದ್ದವಳು ಅಕ್ಕ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. "ನಾನು ತಳ್ತೀನಿ ಬಿಡಿ" ಎಂದು ಹೆಂಡತಿ ಎಷ್ಟು ಹೇಳಿದರೂ ಹಿಡಿ ಬಿಡಲಿಲ್ಲ. ಪುಸ್ತಕ ಹಿಡಿದ ಮೇಷ್ಟ್ರು ಹಿಂದಿನಿಂದ.

ಸರ್ಜನ್ ಮೇಡಂ ಮಾತು ಕಡಿಮೆಯ ಹೆಂಗಸು. ರಿಪೋರ್ಟು ತಗೊಂಡು ಓದಿದರು. ಗಾಲಿಕುರ್ಚಿ ನೋಡಿದರು. ಮತ್ತೆ ಓದಿದರು.

"ಇದು ನಿಮ್ಮದೇನಾ?"

"ನಂದೇ ಮೇಡಂ" ಎಂದ ಟೈಂಕೀಪರ ಕ್ಷೀಣ ಸ್ವರದಲ್ಲಿ. "ಹತ್ತು ಪಾಯಿಂಟ್ ನಾಲ್ಕು. ನಂಗೆ ಗೊತ್ತಿದೆ. ನೀವು ಮುಚ್ಚಿಡೋದು ಬೇಡ."

"ಹತ್ತು ಪಾಯಿಂಟ್ ನಾಲ್ಕು ನಿಮ್ಮ ಬಲ ಕಿಡ್ನಿ. ಅದು ಅಷ್ಟೇ ಉದ್ದ ಇರ್ಬೇಕು. ಕಲ್ಲು ನಾಲ್ಕು ಮಿಲಿಮೀಟರ್. ಅದೇ ಸಾಲಲ್ಲಿ ಬರೆದಿದೆ."

"ಅದೇ ಸಾಲಲ್ಲಾ?"

"ಮತ್ತೆ ಇನ್ಯಾವ ಸಾಲಲ್ಲಿ ಬರೀತಾರೆ?"

ಮೇಷ್ಟ್ರು ಪುಸ್ತಕವನ್ನು ನಿಧಾನಕ್ಕೆ ಬೆನ್ನ ಹಿಂದೆ ಸರಿಸಿದರು. ಹೆಂಡತಿ ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಕಷ್ಟ, ಮದುವೆಯಾದವರಿಗೆ ಹೇಳುವುದೂ ಬೇಕಿಲ್ಲ.

"ಅಂದ್ರೆ ಆಪರೇಷನ್ನು..." ಎಂದು ಟೈಂಕೀಪರ ತೊದಲಿದ.

"ಕಲ್ಲಿನ ಅಳತೆ ನೋಡಿಯಷ್ಟೇ ನಾವು ಹೊಟ್ಟೆ ಕೊಯ್ಯೋದಿಲ್ಲ. ತೊಂದ್ರೆ ಕೊಡ್ತಿದೆಯಾ ಇಲ್ವಾ, ಅದು ಮುಖ್ಯ. ಎಷ್ಟೋ ಜನ ಇಂಥ ಕಲ್ಲು ಇಟ್ಕೊಂಡೇ ಬದುಕು ಕಳೀತಾರೆ, ಅವರಿಗೆ ಗೊತ್ತೂ ಆಗಲ್ಲ. ಸರಿ, ನೋವಿದೆಯಾ ಹೇಳಿ."

ಟೈಂಕೀಪರ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. ಕಲ್ಲು ಸಣ್ಣದು ಎಂದು ತಮ್ಮನನ್ನು ಹಾಗೇ ಕಳಿಸಿಬಿಟ್ಟರೆ ಎಂಬ ಭಯ ಅವಳಿಗೆ. "ಇದೆ ಮೇಡಂ, ಯಾಕಿಲ್ಲ? ಊಟ ಆಗಿ ಅರ್ಧ ಗಂಟೆಗೆ ಶುರು. ಎಣ್ಣೆದೇನಾದ್ರೂ ತಿಂದ್ರಂತೂ ಮುಗೀತು. ಇಲ್ಲಿ, ಬಲಗಡೆ ಪಕ್ಕೆ ಕೆಳಗೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ. ಬೆನ್ನಿಗೆ ಹೋಗಿ ಬಲಭುಜದಲ್ಲಿ ಕೂತ್ಬಿಡುತ್ತೆ."

"ನಂಗೆ ಭುಜ ನೋಯ್ತಿಲ್ವಲ್ಲ ಅಕ್ಕಾ" ಎಂದ ಟೈಂಕೀಪರ.

"ನೀನು ಸುಮ್ನಿರೋ, ನಿಂಗೇನ್ ಗೊತ್ತು!"

ಮೇಡಂ ಪೆನ್ನು ಕೆಳಗಿಟ್ಟರು. "ಜ್ವರ?"

"ಮೂರು ದಿನದಿಂದ. ನಡುಕ ಬಂದು ಜ್ವರ ಏರುತ್ತೆ. ಎರಡು ಕಂಬಳಿ ಹೊದ್ರೂ ಸಾಲಲ್ಲ."

"ನಾನು ಕಂಬಳಿನೇ ಹೊದ್ದಿಲ್ಲ ಮೇಡಂ."

"ಮೂತ್ರದ ಬಣ್ಣ ಹೇಗಿದೆ?"

"ಕಡು ಟೀ ಡಿಕಾಕ್ಷನ್ ಇರುತ್ತಲ್ಲ, ಹಾಗೆ" ಎಂದಳು ಅಕ್ಕ ಥಟ್ಟನೆ.

ಎಲ್ಲರೂ ಅವಳ ಕಡೆ ತಿರುಗಿದರು.

"ಅದು ನಿಂಗೆ ಹೆಂಗಕ್ಕಾ ಗೊತ್ತು?" ಎಂದ ಟೈಂಕೀಪರ.

ಅಕ್ಕ ನೆಲ ನೋಡಿದಳು. ಮೇಡಂ ಎದ್ದು ಬಂದು ಅವಳನ್ನು ಮಂಚದ ಮೇಲೆ ಮಲಗಿಸಿ, ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡಿದರು. ಬಲಪಕ್ಕೆಯ ಕೆಳಗೆ ಬೆರಳಿಟ್ಟು, "ಜೋರಾಗಿ ಉಸಿರು ತಗೊಳ್ಳಿ" ಎಂದರು. ಅಕ್ಕ ಅರ್ಧ ಉಸಿರು ತಗೊಂಡು "ಅಮ್ಮಾ" ಎಂದು ಅಲ್ಲೇ ನಿಲ್ಲಿಸಿದಳು. ತೀರಿಹೋಗಿ ನಲವತ್ತೈದು ವರ್ಷವಾದ ಅಮ್ಮನನ್ನು ಅಕ್ಕ ಕರೆದದ್ದನ್ನು ಟೈಂಕೀಪರ ಈವರೆಗೆ ಕೇಳಿರಲಿಲ್ಲ. ಅಕ್ಕನ ಕಣ್ಣಿನ ಬಿಳಿ ಭಾಗ ಹಳದಿಯಾಗಿದೆ ಎಂದು ಅವನಿಗೆ ಕಂಡದ್ದು ಆಗ.

"ಏಳಿ ಮೇಲೆ" ಎಂದರು ಮೇಡಂ ಅವನಿಗೆ. "ಆ ಕುರ್ಚಿ ಅವರಿಗೆ ಬೇಕು."

ಅವನು ಎದ್ದ. ಹಾರಿ ಎದ್ದ ಅನ್ನಬೇಕು. ಬಲಗಡೆಯ ನೋವು, ವಾಕರಿಕೆ, ಐದು ದಿನದ ನಿಶ್ಶಕ್ತಿ ಎಲ್ಲ ಎಲ್ಲಿ ಹೋದವೋ, ಅಕ್ಕನನ್ನು ಎತ್ತಿ ಕೂರಿಸಿ ಸ್ಕ್ಯಾನಿನ ಕೋಣೆಗೆ ಓಡಿಸಿಕೊಂಡು ಹೋದ. "ನಿಧಾನವಾಗಿ ಕಣೋ, ನಿನ್ ಕಲ್ಲು!" ಎಂದು ಅಕ್ಕ ದಾರಿಯುದ್ದಕ್ಕೂ ಬೈಯುತ್ತಿದ್ದಳು.

ಗಂಟೆಯೊಳಗೆ ಎಲ್ಲ ತಿಳಿಯಿತು. ಅಕ್ಕನ ಪಿತ್ತಕೋಶದ ತುಂಬ ಕಲ್ಲುಗಳಿದ್ದವು. ಒಂದು ಜಾರಿ ಹೊರಗೆ ಬಂದು ಪಿತ್ತ ಹರಿಯುವ ನಾಳದಲ್ಲಿ ಸಿಕ್ಕಿಕೊಂಡಿತ್ತು, ಅದರಿಂದಲೇ ಜ್ವರ, ಅದರಿಂದಲೇ ಹಳದಿ. ಇಂದೇ ಬಾಯಿಯ ಮೂಲಕ ಕೊಳವೆ ಇಳಿಸಿ ಆ ಕಲ್ಲು ತೆಗೆಯಬೇಕು; ನಂಜು ಇಳಿದ ಮೇಲೆ ಪಿತ್ತಕೋಶ. "ಇಂಥ ನೋವಿನ ಜೊತೆ ಜ್ವರವೋ ಹಳದಿಯೋ ಕಂಡ್ರೆ ಆ ದಿನವೇ ಓಡಿ ಬರ್ಬೇಕು. ಇನ್ನೆರಡು ದಿನ ಹೀಗೇ ಬಿಟ್ಟಿದ್ರೆ ನಾನೇನೂ ಮಾಡಕ್ಕಾಗ್ತಿರ್ಲಿಲ್ಲ" ಎಂದು ಮೇಡಂ ಒಪ್ಪಿಗೆ ಪತ್ರ ಮುಂದಿಟ್ಟರು. "ಓದಿ ಸೈನ್ ಮಾಡಿ."

ಅದರಲ್ಲೂ ಗೆರೆಗಳಿದ್ದವು, ಸಾಲುಗಳಿದ್ದವು, ಅಂಕಿಗಳೂ ಇದ್ದವು. ಟೈಂಕೀಪರ ಅದನ್ನು ನೋಡಿದ. ಹೆಂಡತಿಯ ಮುಂದೆ, ಮೇಷ್ಟ್ರ ಮುಂದೆ, ಬಾಗಿಲಲ್ಲಿ ನಿಂತಿದ್ದ ಹಳೆಯ ಡ್ರೈವರನ ಮುಂದೆ ಅವನು ಹೇಳಿದ:

"ನಂಗೆ ಇದು ಅರ್ಥ ಆಗಲ್ಲ ಮೇಡಂ. ನೀವೇ ಒಂದೊಂದಾಗಿ ಹೇಳಿ. ಎಷ್ಟು ಹೊತ್ತಾದ್ರೂ ಆಗ್ಲಿ, ಕೂತ್ಕೋತೀನಿ."

ಮೇಡಂ ಹೇಳಿದರು. ಅವನು ಕೂತು ಕೇಳಿದ, ಅರ್ಥವಾಗದ್ದನ್ನು ಮತ್ತೆ ಕೇಳಿದ, ಆಮೇಲೆ ಸೈನ್ ಮಾಡಿದ. ಅಕ್ಕನನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತು ನಾಚಿಕೆ ಬಿಟ್ಟು ಅತ್ತ. ಮೇಷ್ಟ್ರು ಸಮಾಧಾನ ಹೇಳಲು ಪುಸ್ತಕ ತೆರೆಯಹೋದರು. ಹೆಂಡತಿ ಅದನ್ನು ಕೈಯಿಂದ ತೆಗೆದು ಅದರ ಮೇಲೆ ಕೂತುಕೊಂಡಳು.

ಕಲ್ಲು ಬಂತು. ಜ್ವರ ಇಳಿಯಿತು. ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಅಕ್ಕ ದಿಂಬಿಗೆ ಒರಗಿ, ಆಸ್ಪತ್ರೆಯ ಗಂಜಿ ತೆಳ್ಳಗಾಗಿದೆ ಎಂದು ನರ್ಸಿಗೆ ಪಾಠ ಹೇಳುತ್ತಿದ್ದಳು. ಟೈಂಕೀಪರ ಸ್ಟೂಲು ಎಳೆದು ಪಕ್ಕದಲ್ಲಿ ಕೂತ.

"ಯಾವಾಗಿಂದ ಇತ್ತಕ್ಕಾ ಈ ನೋವು?"

"ಎರಡು ವರ್ಷ ಆಯ್ತು ಅನ್ಸುತ್ತೆ."

"ಎರಡು ವರ್ಷ! ತಿಂಗಳಿಗೊಂದ್ಸಲ ಫೋನ್ ಮಾಡ್ತಿದ್ಯಲ್ಲ, ಯಾಕೆ ಹೇಳ್ಲಿಲ್ಲ?"

ಅಕ್ಕನಿಗೆ ಕೋಪವೇನೂ ಬಂದಿರಲಿಲ್ಲ. ಇವತ್ತು ಯಾವ ವಾರ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

"ನೀನು ಕೇಳ್ಲಿಲ್ವಲ್ಲೋ."

ಹತ್ತು ಸೆಂಟಿಮೀಟರ್ ಕಲ್ಲಿಗೂ ಆಗದ ನೋವು ಟೈಂಕೀಪರನಿಗೆ ಆಗ ಆಯಿತು. ಎಡಗಡೆ ಎಂದೋ ಬಲಗಡೆ ಎಂದೋ ಯಾವ ಪುಸ್ತಕ ನೋಡಿಯೂ ತಿದ್ದುವ ಹಾಗಿರಲಿಲ್ಲ ಅದು. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಈಗ ಕೇಳ್ತಿದೀನಿ ಅಕ್ಕಾ. ಇನ್ನೂ ಎಲ್ಲೆಲ್ಲಿ ನೋವಿದೆ, ಎಲ್ಲ ಹೇಳು."

ಅಕ್ಕ ಅವನ ಮುಖವನ್ನು ಒಂದು ಕ್ಷಣ ನೋಡಿದಳು, ಅವನು ನಿಜವಾಗಿಯೂ ಕೇಳುತ್ತಿದ್ದಾನೆ ಎಂದು ಖಚಿತ ಮಾಡಿಕೊಂಡಳು, ದಿಂಬು ಸರಿಪಡಿಸಿಕೊಂಡಳು, ಮತ್ತು ಎಡಮೊಣಕಾಲಿನಿಂದ ಶುರು ಮಾಡಿದಳು.